ಚಿಗವ್ವನ ಕೈಗುಣ

ಮೊನ್ನೆ ಸೊಸೆ ತಂದಿಟ್ಟ ಕುಂಡದ ಹೂ ನೋಡಿ ನನ್ನ ಎದೆ ಧಸಕ್ಕೆಂದಿತು. ನಡುವೆ ಮುಳ್ಳುಮುಳ್ಳಾದ ಕಂದು ಉಂಡೆ, ಅದರ ಸುತ್ತ ಕೆಳಗೆ ಜೋತುಬಿದ್ದ ನಸುಗೆಂಪು ಎಸಳು. ನಾನು ತಂಬಿಗೆ ಎತ್ತಿಕೊಂಡು ಹೋದೆ.

“ಅತ್ತೀ, ನೀರ ಹಾಕಬ್ಯಾಡ್ರಿ. ಅದು ಅರಳೂದ ಹಂಗ” ಎಂದಳು ಸೊಸೆ.

ಕೋನ್‌ಫ್ಲವರ್ ಅಂತೆ ಅದರ ಹೆಸರು. ಇಷ್ಟು ವರ್ಷ ನಮಗೆ ಅದರ ಹೆಸರೂ ಗೊತ್ತಿರಲಿಲ್ಲ, ಗುಣವೂ ಗೊತ್ತಿರಲಿಲ್ಲ...

ಶಿಗ್ಗಾವಿಯಲ್ಲಿ ನಮ್ಮ ಬಾಜೂ ಮನೆಯ ಸೊಸೆಯನ್ನು ಓಣಿಯ ಮಕ್ಕಳೆಲ್ಲ ಚಿಗವ್ವ ಅನ್ನುತ್ತಿದ್ದೆವು. ರಕ್ತಸಂಬಂಧ ಏನೂ ಇರಲಿಲ್ಲ. ಆಕೆಯ ಕೈಗುಣ ಊರಿಗೇ ಗೊತ್ತು. ಯಾರ ಹಿತ್ತಲಲ್ಲಿ ಬಳ್ಳಿ ಹಚ್ಚುವುದಿದ್ದರೂ ಮೊದಲ ಬೀಜ ಆಕೆಯ ಕೈಯಿಂದಲೇ ಬೀಳಬೇಕು. ನಮ್ಮವ್ವ ಅಂತೂ ಹೀರೆ, ಅವರೆ ಯಾವುದನ್ನೂ ಆಕೆಯನ್ನು ಕರೆಯದೆ ಊರಿದವಳಲ್ಲ.

ಆಕೆಯ ಗಂಡ ಬ್ರಿಟಿಷರ ದಂಡಿನ ಜೊತೆ ಲಡಾಯಿಗೆ ಹೋದ ಲಾರಿ ಡ್ರೈವರ್. ಕೊನೆಯ ಸಲ ರಜೆಗೆ ಬಂದಾಗ ಪುಣೆಯ ಯಾವುದೋ ಸಾಹೇಬರ ಬಂಗಲೆಯಿಂದ ಒಣಗಿದ ಬೀಜಗಳನ್ನು ವಸ್ತ್ರದ ಚುಂಗಿನಲ್ಲಿ ಕಟ್ಟಿಕೊಂಡು ಬಂದಿದ್ದ. ಹೂ ಹೇಗಿರುತ್ತದೋ ತಾನೂ ನೋಡಿಲ್ಲ, ತಾನು ಬರುವಷ್ಟರಲ್ಲಿ ಅರಳಿಸಿ ಇಡು ಎಂದು ಹೇಳಿ ಹೋದನಂತೆ. ಈ ಮಾತನ್ನು ಚಿಗವ್ವ ನಮಗೆ ಎಷ್ಟು ಸಲ ಹೇಳಿದ್ದಳೋ! ಹೇಳುವಾಗ ಮುಖ ಮಾತ್ರ ಅತ್ತ ತಿರುಗಿಸುತ್ತಿದ್ದಳು.

ಮೊದಲ ವರ್ಷ ಬರೀ ಎಲೆ. ಕಸ ಬೆಳೆಸುತ್ತಾಳೆ ಎಂದು ಆಕೆಯ ಅತ್ತೆ ಗೊಣಗಿದಳು. ಚಿಗವ್ವ ಸುತ್ತ ಮುಳ್ಳು ಹಚ್ಚಿ ಆಡು ಬಾಯಿ ಹಾಕದಂತೆ ಕಾಯ್ದಳು. ಗಂಡನ ಸುದ್ದಿ ಬರುವುದು ಕಡಿಮೆಯಾದಷ್ಟೂ ಆಕೆ ಹಿತ್ತಲಲ್ಲೇ ಹೆಚ್ಚು ಹೊತ್ತು ಕೂಡುತ್ತಿದ್ದಳು. ಗಿಡ ನೆಟ್ಟಗಿದ್ದರೆ ಗಂಡನೂ ನೆಟ್ಟಗಿದ್ದಾನೆ ಎಂದು ಆಕೆಯ ಮನಸ್ಸಿಗೆ ಗಟ್ಟಿಯಾಗಿ ಹೋಗಿತ್ತು.

ಮರುವರ್ಷ ಮೊಗ್ಗು ಬಂತು. ಅರಳಿತು ಅನ್ನುವಷ್ಟರಲ್ಲಿ ಎಸಳೆಲ್ಲ ಜೋತುಬಿದ್ದವು. ಬಾಯಾರಿ ಬಾಡಿದವು ಎಂದುಕೊಂಡೆವು ನಾವೆಲ್ಲರೂ. ಚಿಗವ್ವ ಬಾವಿಯಿಂದ ಕೊಡ ಹೊತ್ತೂ ಹೊತ್ತೂ ಸುರಿದಳು. ಎಸಳು ಏಳಲಿಲ್ಲ, ಮತ್ತೆ ಸುರಿದಳು. ಕರಿ ಮಣ್ಣು, ನೀರು ಹಿಡಿದುಕೊಂಡು ಕೂತಿತು. ಬುಡ ಕಪ್ಪಾಯಿತು, ಕೊಳೆತ ವಾಸನೆ ನಮ್ಮ ಹಿತ್ತಲಿಗೂ ಬಂತು. ಒಂದು ಗಿಡವೂ ಉಳಿಯಲಿಲ್ಲ.

ಅದೇ ಮಳೆಗಾಲದಲ್ಲಿ ಗಂಡ ಪತ್ತೆಯಿಲ್ಲ ಎಂಬ ಸುದ್ದಿ ಬಂತು. ಓಣಿಯವರೆಲ್ಲ ಅಂಗಳದಲ್ಲಿ ನೆರೆದಿದ್ದಾಗ ಅತ್ತೆ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ:

“ನನ್ನ ಮಗ ಕೊಟ್ಟ ಗಿಡಾನ ಉಳಸಲಿಲ್ಲ ನೀ. ಅವನ್ನೇನ ಉಳಸ್ತೀ?”

ಆ ಮುದುಕಿಯ ಹೊಟ್ಟೆ ಉರಿಯುತ್ತಿತ್ತು, ಒಪ್ಪುತ್ತೇನೆ, ಆದರೂ ಆ ಮಾತಿಗೆ ಇಂದಿಗೂ ನನಗೆ ಸಿಟ್ಟಿದೆ. ಅಲ್ಲಿಂದ ಮುಂದೆ ಚಿಗವ್ವ ಮಣ್ಣು ಮುಟ್ಟಲಿಲ್ಲ. ತುಳಸಿಗೆ ನೀರು ಹಾಕಲೂ ನಮ್ಮವ್ವನನ್ನೇ ಕರೆಯುತ್ತಿದ್ದಳು. ಕ್ರಮೇಣ ಜನರೂ ಆಕೆಯನ್ನು ಕರೆಯುವುದು ಬಿಟ್ಟರು. ಯಾರ ಹಿತ್ತಲಿಗೂ ಬೇಡವಾದಳು ಪಾಪ.

ಲಗ್ನವಾಗಿ ನಾನು ಹಾನಗಲ್ಲಿಗೆ ಬಂದ ಮೇಲೆ ಒಮ್ಮೆ ಚಿಗವ್ವ ನಮ್ಮವ್ವನ ಜೊತೆ ನನ್ನನ್ನು ನೋಡಲು ಬಂದಿದ್ದಳು. ನಾನು ಹಟ ಹಿಡಿದು ಮಲ್ಲಿಗೆಯ ಕಡ್ಡಿಯೊಂದನ್ನು ಆಕೆಯ ಮುಂದೆ ಹಿಡಿದೆ. ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

“ಬ್ಯಾಡವ್ವಾ, ನನ್ನ ಕೈಲೆ ಹಚ್ಚಿಸಬ್ಯಾಡ. ನಿನ್ನ ಗಂಡ ಛಲೋತ್ನಾಗ ಬಾಳ್ಲಿ.”

ಕಡ್ಡಿಯನ್ನು ನಾನೇ ಹಚ್ಚಿದೆ. ಆಕೆ ದೂರ ನಿಂತು ನೋಡಿದಳು...

ಚಿಗವ್ವ ಹೋಗಿ ಬಹಳ ವರ್ಷಗಳಾದವು. ಮೊನ್ನೆ ಸೊಸೆ ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು, ಯಾಕೆ ಅಳುತ್ತೀರಿ ಎಂದು ಕೇಳಿದಳು. ಆ ಹೂ ಬಾಡಿರಲಿಲ್ಲ, ಚಂದಾಗಿಯೇ ಅರಳಿತ್ತು ಎಂದು ಒಬ್ಬಳಿಗೆ ಹೇಳಬೇಕಿತ್ತು ಎಂದೆ.