ಪ್ರತಿ ಸಲ ಪೂರ್ತಿ ಹೇಳಬೇಕು

ಎರಡು ಸಾಫ್ಟ್‌ವೇರ್‌ಗಳು ಮಾತಾಡಿಕೊಳ್ಳುವ ಬಗೆಯನ್ನು ಅಣ್ಣಿಗೇರಿಯ ಕಂಪ್ಯೂಟರ್ ಕ್ಲಾಸಿನ ಮಲ್ಲಿಕಾ ಅಕ್ಕೋರು ಕಲಿಸುವುದೇ ಹೀಗೆ: ಡಬ್ಲ್ಯುಎಸ್‌ಡಿಎಲ್ ಎಂಬ ಕರಾರುಪತ್ರವೆಂದರೆ ಬೀಗರು ಕೂತು ಬರೆದ ಮದುವೆಯ ಯಾದಿ, ಕೇಳುವುದು ಕೊಡುವುದೆಲ್ಲ ಮೊದಲೇ ಗೊತ್ತು, ಒಂದಕ್ಷರ ತಪ್ಪಿದರೂ ಸಂಬಂಧ ಮುರಿಯಿತು, ರೆಸ್ಟ್ ಎಂಬ ಇನ್ನೊಂದು ಬಗೆಯೆಂದರೆ ವಿಳಾಸ ಹಿಡಿದು ನೇರ ಬಾಗಿಲಿಗೇ ಹೋಗಿ ಕೇಳುವುದು. "ಯಾದಿನ ಛಲೋ ಅಲ್ಲೇನ್ರಿ, ಅಕ್ಕೋರ?" ಎಂದು ಯಾರಾದರೂ ವಾದಕ್ಕಿಳಿದರೆ ಸೀಮೆಸುಣ್ಣ ಪುಡಿಯಾಗುವಂತೆ ಬೋರ್ಡು ಕುಟ್ಟಿ, "ರೆಸ್ಟಿನ್ಯಾಗ ಹಿಂದ ಹೇಳಿದ್ದು, ಉತ್ತರಾ ಕೊಡೂ ಸರ್ವರ್ ನೆನಪ ಇಟ್ಕೊಳ್ಳೂದಿಲ್ಲಪಾ! ನೀ ಯಾರು, ನಿನಗೇನು ಬೇಕು, ಪ್ರತಿ ಸಲ ಪೂರ್ತಿ ಹೇಳಬೇಕು. ಬ್ಯಾಸರ ಮಾಡ್ಕೊಂಡ್ರ ನಡ್ಯೂದಿಲ್ಲ," ಎನ್ನುತ್ತಾರೆ. ಕ್ಲಾಸು ಮುಗಿಸಿ ಮನೆಗೆ ಬಂದರೆ, ಮರೆವಿನ ರೋಗ ಹತ್ತಿದ ತಾಯಿ ದುರಗವ್ವ ಹೊಸ್ತಿಲಲ್ಲೇ ತಡೆದು, "ಯಾರಬೇ ನೀ?" ಎಂದು ಕೇಳುತ್ತಾಳೆ. ಬೆಳಿಗ್ಗೆಯಿಂದ ಆರು ಸಲ ಹೇಳಿದ್ದ ಅಕ್ಕೋರು ಚಪ್ಪಲಿ ಬಿಟ್ಟು, ಅವಳ ಕೈ ಹಿಡಿದು, ಏಳನೆಯ ಸಲವೂ ಪೂರ್ತಿ ಹೇಳುತ್ತಾರೆ: "ನಾ ಮಲ್ಲಿಕಾ, ಯವ್ವಾ. ನಿನ್ನ ಮಗಳು. ಹಸಿವಾಗೇತಿ, ಊಟ ಮಾಡೂಣು ಬಾ."