ಬನದ ನಾಲ್ಕು ಚೌಕ

ಉಪಗ್ರಹ ಚಿತ್ರದಲ್ಲಿ ನಾಲ್ಕು ಚೌಕಗಳು ಕಡುಹಸಿರಿನಿಂದ ಬೂದು ಬಣ್ಣಕ್ಕೆ ತಿರುಗಿದ್ದವು. ಒಂದೊಂದು ಚೌಕವೆಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಹಸಿರು ಎಲ್ಲಿ, ಏಕೆ ಬದಲಾಗುತ್ತಿದೆ ಎಂದು ಉಪಗ್ರಹ ಚಿತ್ರಗಳಿಂದ ಗುರುತಿಸುವುದು ಆಗ ನನ್ನ ಕೆಲಸ. ಎರಡು ಬೇಸಿಗೆಗಳ ಚಿತ್ರಗಳನ್ನು ಹೋಲಿಸಿದರೆ ಹಸಿರು ಕಳೆದುಕೊಂಡ ಜಾಗ ಸಿಗುತ್ತದೆ. ಕಾರಣ ಸಿಗುವುದಿಲ್ಲ. ಅದಕ್ಕೆ ಸ್ಥಳಕ್ಕೇ ಹೋಗಬೇಕು. ಗ್ರೌಂಡ್ ಟ್ರೂತ್ ಎನ್ನುವುದು ಇದಕ್ಕೇ. ಹಸಿರು ಅಳಿದ ದೊಡ್ಡ ತೇಪೆಗಳ ಕಾರಣ ಊಹಿಸಬಹುದಿತ್ತು: ರಸ್ತೆ ಅಗಲವಾಗಿತ್ತು, ಹಳೆಯ ರಬ್ಬರ್ ಕಡಿದಿದ್ದರು. ನಾಲ್ಕು ಚೌಕದ ಈ ಪುಟ್ಟ ತೇಪೆ ಮಾತ್ರ ಅರ್ಥವಾಗಲಿಲ್ಲ.

ಪುಂಜಾಲಕಟ್ಟೆಯಿಂದ ಒಳಗೆ ಹೋಗಿ ನೋಡಿದರೆ ಅದು ನಾಗಬನ, ನಾಗನ ಕಲ್ಲುಗಳ ಸುತ್ತ ಕಡಿಯದೆ ಬಿಡುವ ಪುಟ್ಟ ಕಾಡು. ಆದರೆ ಮರಗಳಿರಲಿಲ್ಲ. ಜೀರ್ಣೋದ್ಧಾರವೆಂದು ಮನೆತನದವರು ಭಕ್ತಿಯಿಂದಲೇ ಎಲ್ಲವನ್ನೂ ಕಡಿಸಿ, ನೆಲಕ್ಕೆ ಕಾಂಕ್ರೀಟ್, ಕಟ್ಟೆಗೆ ಗ್ರಾನೈಟ್ ಹಾಕಿಸಿದ್ದರು. ಮುಂದೆ ನೋಡಿದ ಇನ್ನೂ ಕೆಲವು ತೇಪೆಗಳ ಕಥೆಯೂ ಇದೇ.

ಅದೇ ವಾರ, ಮೂಡುಬಿದಿರೆ ಸಮೀಪದ ನಮ್ಮ ಕುಟುಂಬದ ಬನಕ್ಕೂ ಜೀರ್ಣೋದ್ಧಾರ ನಿಶ್ಚಯವಾಗಿದೆ ಎಂದು ತಿಳಿಯಿತು. ಕುಟುಂಬದ ಯಜಮಾನರು ನನ್ನ ಅಮ್ಮನ ಅಣ್ಣ. ಮರುದಿನ ಬೆಳಿಗ್ಗೆಯೇ ಅವರಲ್ಲಿಗೆ ಹೋದೆ.

"ಆಕಾಶದಿಂದ ಇಣುಕುವವಳು ನೆಲಕ್ಕೆ ಇಳಿದಳಾ?" ಎಂದು ಮಾವ ನಕ್ಕರು. ಬನದ ವಿಷಯ ತೆಗೆದೊಡನೆ ನಗು ನಿಂತಿತು. "ಎಲ್ಲರ ಬನ ಮಿಂಚ್ತಾ ಉಂಟು. ನಮ್ಮದು ಮಾತ್ರ ಕಾಡು. ಜನ ಏನು ಹೇಳಿಯಾರು ಮಾರಾಯ್ತಿ?"

"ನಾಗನಿಗೆ ತಂಪಾಗಲಿ ಅಂತಲ್ವಾ ಮಾವ, ನಾವು ಹಾಲು, ಎಳನೀರು ಎರೆಯುವುದು?"

"ಕ್ರಮ ನೀನು ನಮಗೆ ಕಲಿಸ್ಬೇಡ."

ವಾದ ಮಾಡುವುದು ನನಗೆ ಬರುವುದಿಲ್ಲ. ಮಧ್ಯಾಹ್ನ ಅವರನ್ನು ಪುಂಜಾಲಕಟ್ಟೆಯ ಆ ಬನಕ್ಕೆ ಕರೆದುಕೊಂಡು ಹೋದೆ. ಮಾವ ಚಪ್ಪಲಿ ಕಳಚಿ ಒಳಗೆ ಎರಡು ಹೆಜ್ಜೆ ಇಟ್ಟವರು, ಅಂಗಾಲು ಸುಟ್ಟು ಹಾರಿ ಹೊರಬಂದರು. ನಾಗನ ಕಲ್ಲಿನ ಮೇಲೆ ಎರೆದ ಹಾಲು ಒಣಗಿ ಚಕ್ಕೆಗಟ್ಟಿತ್ತು.

ಹಿಂದಿರುಗಿ ಮನೆಯಂಗಳಕ್ಕೆ ಬಂದ ಮೇಲೆ ಮಾವ ಹೇಳಿದರು: "ಮರ ಕಡಿಯುವವರು ನಾಳೆ ಬೆಳಿಗ್ಗೆ ಬರ್ತಾರೆ. ಕುಟುಂಬದವರೂ ಇರ್ತಾರೆ. ಎಲ್ಲರ ಎದುರು ಒಪ್ಪಿದ ನಾನು ಈಗ ಬೇಡ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ನೀನು ಹೇಳಿದರೆ ನಾನು ಸುಮ್ಮನಿರ್ತೇನೆ. ಆದರೆ ಇನ್ನು ಮೇಲೆ ಯಾರ ಮಗುವಿಗೆ ಜ್ವರ ಬಂದರೂ ನಾಗನ ಕೋಪ ಅಂತ ನಿನ್ನ ಹೆಸರೇ ಬರ್ತದೆ. ನೆನಪಿರ್ಲಿ."

ಎಲ್ಲಿ ಎಂಬುದನ್ನು ಉಪಗ್ರಹ ಹೇಳುತ್ತದೆ. ಏಕೆ ಎಂಬುದು ಜನರ ಬಳಿ ಇರುತ್ತದೆ. ಅದನ್ನು ಕೇಳಲು ಹೋದವರಿಗೆ ದೂರದಿಂದ ನೋಡುವ ಸೌಕರ್ಯ ಮತ್ತೆ ಉಳಿಯುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬನದ ಎದುರು ಹೋಗಿ ಚಪ್ಪಲಿ ಕಳಚಿಟ್ಟೆ. ತರಗೆಲೆ ಕಾಲಿಗೆ ತಣ್ಣಗಿತ್ತು. ಮರ ಕಡಿಯುವವರ ಪಿಕಪ್ ಬಂದು ನಿಂತಿತು. ಅದರ ಹಿಂದೆ ಕುಟುಂಬದವರು ನಡೆದು ಬಂದರು, ಮಾವ ಎಲ್ಲರಿಗಿಂತ ಕೊನೆಗೆ. ಗರಗಸ ಕೆಳಗಿಳಿಸುವ ಮೊದಲು, ಅಷ್ಟೂ ಜನರಿಗೆ ಕೇಳುವಂತೆ, "ಬೇಡ" ಎಂದೆ.