ಖುಷಿಯ ಬೆನ್ನು ಹತ್ತಿದ ಹೊನ್ನಯ್ಯ

ಬಾಣಾವರದ ಕಡೆಯ ಹೊನ್ನಯ್ಯನಷ್ಟು ಹಟ ಹಿಡಿದು ಖುಷಿಯ ಬೆನ್ನು ಹತ್ತಿದ ಮನುಷ್ಯನನ್ನು ನಾನು ಕಂಡಿಲ್ಲ. ಅರಸೀಕೆರೆಯ ಸರ್ಕಾರಿ ಕಚೇರಿಯೊಂದರಲ್ಲಿ ಜವಾನ. ಅದಕ್ಕೂ ಮೊದಲು ತಮಟೆ ಬಡಿಯುತ್ತಿದ್ದವನು. ಮೇಲ್ಜಾತಿಯವರ ಹಬ್ಬಕ್ಕೆ, ಹೆಣಕ್ಕೆ ಬಿಟ್ಟಿ ತಮಟೆ ಬಡಿಯುವುದು ಇನ್ನು ಬೇಡ ಎಂದು ನಮ್ಮ ದಲಿತ ಸಂಘ ತೀರ್ಮಾನಿಸಿದಾಗ ಎಲ್ಲರಿಗಿಂತ ಮೊದಲು ತಮಟೆ ಕೆಳಗಿಟ್ಟವನು ಅವನೇ. ಆ ತೀರ್ಮಾನ ಸರಿಯಾಗಿತ್ತು, ಈಗಲೂ ಸರಿಯೇ. ಆದರೆ ಹೊನ್ನಯ್ಯನ ಮುಖ ಮಾತ್ರ ಅವತ್ತೇ ಬಾಡಿತು.

ಸಂಬಳ ಬಂತು. ಟೀವಿ ತಂದ, ಮೊಪೆಡ್ ತಂದ, ಮನೆಗೆ ತಾರಸಿ ಹಾಕಿಸಿದ. ಪ್ರತಿ ಸಲವೂ "ಇದೊಂದ್ ಆದ್ರೆ ಸಾಕು" ಅನ್ನುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಮುಖ ಮತ್ತೆ ಹಳೆಯದೇ. ಒಂದು ಭಾನುವಾರ ಸಂಸಾರವನ್ನೆಲ್ಲ ಬೇಲೂರಿಗೆ ಕರೆದೊಯ್ದ. ಮರದಡಿ ಚಿತ್ರಾನ್ನದ ಗಂಟು ಬಿಚ್ಚಿದರೆ, ತುತ್ತಿಗೊಮ್ಮೆ "ಖುಷಿಯಾಯ್ತಾ?" ಎಂದು ಒಬ್ಬೊಬ್ಬರನ್ನೂ ವಿಚಾರಿಸುತ್ತಾನೆ. ಹೆಂಡತಿ ಸಣ್ಣತಾಯಮ್ಮನಿಗೆ ರೇಗಿತು.

"ಅದೇನ್ ಜ್ವರ್ವಾ, ಗಳಿಗ್ಗೊಂದ್ಸಲ ಮುಟ್ಟಿ ನೋಡಕ್ಕೆ? ಸುಮ್ಕೆ ಉಣ್ಣಿ!"

ಎರಡು ಸಾವಿರದ ಮೂರರಲ್ಲಿ ಮಗಳು ಯಶೋಧರಾಳ ಮದುವೆ. ಬುದ್ಧವಂದನೆ ಮುಗಿದ ಮೇಲೆ, ಹಗರೆಯಿಂದ ಬಂದಿದ್ದ ಗಂಡಿನ ಗೆಳೆಯರು ಚಪ್ಪರದ ಪಕ್ಕ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿದರು. ಹೋರಾಟದ ಹಾಡುಗಳಿಗೆ ತಮಟೆ ಹಿಡಿದವರು. ಸದ್ದು ಕೇಳಿದ್ದೇ ಹೊನ್ನಯ್ಯ ಎದ್ದ. ಕಾಲೇಜು ಮೇಷ್ಟ್ರಾಗಿದ್ದ ಮಗ ಸಮ್ಯಕ್ ಅಡ್ಡ ನಿಂತ.

"ಬೇಡಪ್ಪಾ. ನನ್ ಕಾಲೇಜಿನೋರೆಲ್ಲ ಬಂದವ್ರೆ."

"ಆ ಹುಡುಗ್ರು ಬಡೀತಾ ಇಲ್ವೇನ್ಲಾ?"

"ಅವ್ರು ಬಡಿದ್ರೆ ಕಲೆ ಅಂತಾರೆ. ನೀನ್ ಬಡಿದ್ರೆ ಜಾತಿ ಅಂತಾರೆ."

"ಕಂಡೋರ ಹೆಣದ ಮುಂದೆಲ್ಲ ಬಡ್ದಿವ್ನಿ. ನನ್ ಮಗಳ ಮದ್ವೇಲಿ ಬಡೀಬಾರ್ದಾ? ಆಯ್ತು, ಬ್ಯಾಡ ಅಂದ್ರೆ ಬ್ಯಾಡ." ಹೊನ್ನಯ್ಯ ಕುರ್ಚಿಗೆ ಕುಸಿದ.

ಹಸೆಮಣೆಯಿಂದಲೇ ಯಶೋಧರಾ ಕೂಗಿದಳು: "ಅಣ್ಣಾ, ಮದ್ವೆ ನಂದೋ, ನಿನ್ ಕಾಲೇಜಿಂದೋ?"

ನೆಂಟರು ಗೊಳ್ಳೆಂದರು. ಸಮ್ಯಕ್ ಪಕ್ಕಕ್ಕೆ ಸರಿದ.

ಹೊನ್ನಯ್ಯ ಒಬ್ಬ ಹುಡುಗನ ಕೈಯಿಂದ ತಮಟೆ ಇಸಿದುಕೊಂಡ. ಮೊದಲ ಪೆಟ್ಟುಗಳು ಕೆಟ್ಟದಾಗಿ ಬಿದ್ದವು. ಹುಡುಗರು ನಕ್ಕರು. "ಹಲ್ ಕಿರೀಬ್ಯಾಡ್ರಲಾ, ತಾಳದ ಗತ್ತು ಹಿಡೀರಿ!" ಎಂದು ಬೈದ. ಆಮೇಲೆ ಕೈ ಪಳಗಿತು. ಹೊಸ ಅಂಗಿ ಬೆವರಿಗೆ ಬೆನ್ನಿಗಂಟಿತು. ಸಣ್ಣತಾಯಮ್ಮ ಊಟಕ್ಕೆ ಕರೆದಳು, ಕೇಳಿಸಲಿಲ್ಲ. ಬೀಗರು ಮಾತಾಡಿಸಿದರು, ತಿರುಗಿ ನೋಡಲಿಲ್ಲ. ಸಮ್ಯಕ್ ದೂರದಲ್ಲಿ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದ. ಬುದ್ಧಿ ಬಂದ ಮೇಲೆ ಆ ಮುಖವನ್ನು ಅವನು ಕಂಡಿರಲಿಲ್ಲ.

"ಏ ಸಮ್ಯಕ್ಕಾ, ಚರ್ಮ ಸಡ್ಲ ಆಗೈತೆ. ಹುಲ್ಲು ತತ್ತಾರ್ಲಾ, ಬಿರ್ರನೆ!"

ಸಮ್ಯಕ್ ಕೋಟು ಬಿಚ್ಚಿ ಪಕ್ಕದಲ್ಲಿದ್ದ ಮೇಷ್ಟ್ರ ಕೈಗೆ ಕೊಟ್ಟು, ಹುಲ್ಲು ಹುಡುಕಿಕೊಂಡು ಹೊರಟ.